ಡಿಂಪ್ನಾಳ ಹೆಸರಿಗೆ

ಕಾಹಿರ್, ಟಿಪ್ಪರರಿ
ಮಾರ್ಚ್ 9, 2023

ಪ್ರಿಯ ಫಿಂಟನ್,

ಫೋನ್ ಮಾಡೋಣ ಅಂದುಕೊಂಡೆ. ಆದರೆ ತೆರಿಗೆಯ ಮಾತು ಬಂದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀಯ. ಫೋನಿನಲ್ಲಿ ಹೇಳಿದ್ದನ್ನು ಜನ ತಮಗೆ ಬೇಕಾದ ಹಾಗೆ ಕೇಳಿಸಿಕೊಳ್ಳುತ್ತಾರೆ, ಕಾಗದದಲ್ಲಿ ಬರೆದು ಕಳಿಸು ಅನ್ನುತ್ತೀಯ. ನಲವತ್ತು ವರ್ಷದಿಂದ ನನ್ನ ಲೆಕ್ಕಪತ್ರ ನೋಡುತ್ತಿದ್ದೀಯ, ಈ ಹಟ ಮಾತ್ರ ಬಿಟ್ಟಿಲ್ಲ. ಸರಿ, ಬರೆಯುತ್ತಿದ್ದೇನೆ.

ಕೆಟ್ಟ ಸುದ್ದಿ ಮೊದಲು. ಡಿಂಪ್ನಾಳಿಗೆ ಮೇದೋಜೀರಕದಲ್ಲಿ ಕ್ಯಾನ್ಸರ್. ಕಾರ್ಕ್‌ನ ಆಸ್ಪತ್ರೆಯಲ್ಲಿ ಒಬ್ಬಳು ಡಾಕ್ಟರು ನೋಡಿದಳು, ನನ್ನ ಬೂಟಿಗೆ ಆಗಿರುವಷ್ಟು ವಯಸ್ಸೂ ಅವಳಿಗೆ ಆಗಿರಲಿಕ್ಕಿಲ್ಲ. ಬೇಸಿಗೆ ದಾಟಬಹುದು, ಕ್ರಿಸ್ಮಸ್ ಹೇಳಲಾರೆ ಅಂದಳು. ದನದ ಡಾಕ್ಟರಾಗಿ ಹಸು ಕುದುರೆಗಳ ಕಣ್ಣುರೆಪ್ಪೆ ಎತ್ತಿ ನೋಡಿ ಎಷ್ಟು ದಿನ ಅಂತ ಹೇಳಿಯೇ ನಾನು ಜೀವನ ಮಾಡಿದವನು. ನನ್ನ ಅಂದಾಜಿನಲ್ಲಿ ಜೂನಿನ ಹುಲ್ಲು ಕೊಯ್ಲಿನ ತನಕವೂ ಇಲ್ಲ.

ಈಗ ವ್ಯವಹಾರ. ನನ್ನ ಡೂನ್‌ವೆಟ್ ಶೇರುಗಳ ಕಥೆ ನಿನಗೆ ಗೊತ್ತು. ಆ ಕಂಪನಿ ಒಂದು ತಗಡಿನ ಶೆಡ್ಡಿನಲ್ಲಿ ದನದ ಜಂತುಹುಳದ ಔಷಧಿ ಮಾಡುತ್ತಿದ್ದ ಕಾಲದಲ್ಲಿ ಕೊಂಡದ್ದು. ಅದೇ ಔಷಧಿಯನ್ನು ಈ ಕೈಯಿಂದಲೇ ಸಾವಿರಾರು ಕರುಗಳ ಗಂಟಲಿಗೆ ಸುರಿದಿದ್ದೇನೆ, ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತಿತ್ತು. ಹಾಕಿದ್ದು ನಲವತ್ತು ಸಾವಿರ, ಇವತ್ತಿನ ಬೆಲೆ ಹನ್ನೆರಡು ಲಕ್ಷ ಯೂರೋ. ನನ್ನ ಉಳಿತಾಯದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಇದೊಂದರಲ್ಲೇ ಇದೆ. ಒಂದೇ ಕಡೆ ಭಾರ ಹಾಕಬೇಡ, ಸ್ವಲ್ಪ ಮಾರಿ ಬೇರೆ ಕಡೆ ಹಂಚು ಅಂತ ಇಪ್ಪತ್ತು ವರ್ಷ ನನ್ನ ತಲೆ ತಿಂದೆ. ಮಾರಿದರೆ ಲಾಭದ ಮೂರನೇ ಒಂದು ಪಾಲು ಸರ್ಕಾರಕ್ಕೆ. ಆಕಳ ಹೊಟ್ಟೆಯೊಳಗೆ ಭುಜದ ತನಕ ಕೈ ಹಾಕಿದವನು ನಾನು, ಕೈ ತೊಳೆದುಕೊಂಡು ಊಟಕ್ಕೆ ಬರುವವರು ಅವರು. ಆಗುವುದಿಲ್ಲ ಅಂದೆ, ಈಗಲೂ ಅದನ್ನೇ ಅನ್ನುತ್ತೇನೆ.

ಆದರೆ ಒಂದು ಸಾವಿನ ಮನೆಯಲ್ಲಿ ಸ್ಯಾಂಡ್‌ವಿಚ್ ಕೈಯಲ್ಲಿ ಹಿಡಿದು ನೀನೇ ಹೇಳಿದ್ದೆ: "ತೆರಿಗೆಯವರ ಕೈಯಿಂದ ತಪ್ಪಿಸ್ಕೊಳ್ಳೋಕೆ ಒಂದೇ ದಾರಿ ಕಣೋ ಮಲಾಕಿ, ಸತ್ತುಹೋಗೋದು. ಸತ್ತೋರ ಲಾಭ ಅವರ ಜತೆಗೇ ಮಣ್ಣಾಗುತ್ತೆ." ನಾನು ನಕ್ಕಿದ್ದೆ. ಈಗ ಕೇಳುತ್ತಿದ್ದೇನೆ. ಈ ಶೇರುಗಳನ್ನೆಲ್ಲ ಡಿಂಪ್ನಾಳ ಹೆಸರಿಗೆ ಮಾಡಿದರೆ? ಅವಳು ಹೋದ ಮೇಲೆ ಉಯಿಲಿನಂತೆ ಅವು ನನಗೇ ವಾಪಸ್ಸು ಬರುತ್ತವೆ. ಆಮೇಲೆ ಮಾರಿದರೆ?

ಆಗ ನೀನು ಹೇಳಿದ ಹಾಗೆಯೇ ಹಂಚಿ ಇಡುತ್ತೇನೆ, ಮಾತು ಕೊಡುತ್ತೇನೆ.

ಇದನ್ನು ಬರೆಯುತ್ತಿರುವಾಗ ಅವಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಳೆ. ಬೇಡ ಅಂದರೂ ಕೇಳುವುದಿಲ್ಲ.

ನಿನ್ನ
ಮಲಾಕಿ ಟಿಯರ್ನಿ


ಡಬ್ಲಿನ್
ಮಾರ್ಚ್ 16, 2023

ಪ್ರಿಯ ಮಲಾಕಿ,

ನಿನ್ನ ಕಾಗದ ಓದಿ ಮಡಿಸಿಟ್ಟು ಸ್ವಲ್ಪ ಹೊತ್ತು ಹೊರಗೆ ತಿರುಗಾಡಿ ಬಂದೆ. ನಿಮ್ಮ ಮದುವೆಯಲ್ಲಿ ಉಂಗುರವನ್ನು ಜೇಬಿನಲ್ಲಿಟ್ಟುಕೊಂಡು ನಿನ್ನ ಪಕ್ಕ ನಿಂತವನು ನಾನು. ಡಿಂಪ್ನಾಳ ಕಾಯಿಲೆಗೆ ನೀನು ಒಂದು ಪ್ಯಾರಾ ಬರೆದಿದ್ದೀಯ, ಶೇರಿಗೆ ಮೂರು. ದುಃಖ ಬಂದಾಗ ಮನುಷ್ಯ ತನಗೆ ತಿಳಿದ ಕೆಲಸಕ್ಕೆ ಜೋತುಬೀಳುತ್ತಾನೆ ಅಂದುಕೊಂಡು ಸುಮ್ಮನಿದ್ದೇನೆ.

ಕೇಳಿದ್ದಕ್ಕೆ ಉತ್ತರ: ಆಗುತ್ತದೆ. ಗಂಡನಿಂದ ಹೆಂಡತಿಗೆ ಹೋಗುವಾಗ ತೆರಿಗೆ ಇಲ್ಲ. ಅವಳು ತೀರಿಕೊಂಡರೆ ಅಲ್ಲಿಯ ತನಕದ ಲಾಭಕ್ಕೆ ತೆರಿಗೆ ಇಲ್ಲ. ಅವಳಿಂದ ನಿನಗೆ ಬರುವಾಗಲೂ ಇಲ್ಲ. ಅವಳು ಹೋದ ದಿನದ ಬೆಲೆಯೇ ನೀನು ಕೊಂಡ ಬೆಲೆ ಅಂತ ಲೆಕ್ಕ. ಮಾರನೆಯ ದಿನವೇ ಎಲ್ಲ ಮಾರಿದರೂ ಒಂದು ಸೆಂಟು ಕಟ್ಟಬೇಕಾಗಿಲ್ಲ. ಕಾನೂನಿಗೆ ಇದರಲ್ಲಿ ತಕರಾರಿಲ್ಲ. ನನಗಿದೆ.

ಇನ್ನೊಂದು ದಾರಿಯೂ ಇದೆ. ಈ ವರ್ಷ ಸ್ವಲ್ಪ, ಬರುವ ವರ್ಷ ಸ್ವಲ್ಪ ಅಂತ ಮಾರು. ಮುಳುಗಿಹೋದ ಬ್ಯಾಂಕಿನ ಶೇರುಗಳನ್ನು ಹದಿನೈದು ವರ್ಷದಿಂದ ಮುದ್ದು ಮಾಡಿಕೊಂಡು ಕೂತಿದ್ದೀಯಲ್ಲ, ಅವನ್ನೂ ಜತೆಗೆ ಮಾರು. ಅದರ ನಷ್ಟವನ್ನು ಈ ಲಾಭದಲ್ಲಿ ಕಳೆದರೆ ತೆರಿಗೆ ಇಳಿಯುತ್ತದೆ. ಉಳಿದ ತೆರಿಗೆ ಕಟ್ಟಿ ನೆಮ್ಮದಿಯಾಗಿ ಹೆಂಡತಿಯ ಹತ್ತಿರ ಕೂತುಕೋ. ನಿನಗೆ ಊಟಕ್ಕೇನೂ ಕೊರತೆಯಾಗುವುದಿಲ್ಲ. ನೀನು ಕೇಳುವುದಿಲ್ಲ ಅಂತಲೂ ಗೊತ್ತು.

ಹಾಗಾಗಿ ಎರಡು ಮಾತು ಕಿವಿಗೆ ಹಾಕಿಕೋ. ಹೆಸರು ಬದಲಾದ ಮೇಲೆ ಶೇರು ಅವಳದು, ನಾಟಕಕ್ಕಲ್ಲ, ನಿಜವಾಗಿಯೂ ಅವಳದು. ಮತ್ತೆ, ಯಾಕೆ ಮಾಡುತ್ತಿದ್ದೀಯ ಅಂತ ಅವಳಿಗೆ ಹೇಳಿ ಮಾಡು.

ಫಿಂಟನ್ ಗೀರಿ


ಕಾಹಿರ್
ಏಪ್ರಿಲ್ 20, 2023

ಫಿಂಟನ್,

ಆಯಿತು. ಬ್ರೋಕರ್ ಕಚೇರಿಯ ಫಾರ್ಮು ಬಂದಿತ್ತು, ಚಹಾ ಕುಡಿಯುವಾಗ ಅವಳ ಮುಂದಿಟ್ಟೆ. ನಿನಗೆ ಅದರ ವರದಿಯೂ ಬೇಕಲ್ಲ, ತಗೋ.

"ಏನಿದು?" ಅಂದಳು.

"ಶೇರು ನಿನ್ನ ಹೆಸರಿಗೆ ಮಾಡ್ತಿದೀನಿ. ಲೆಕ್ಕ ಅಚ್ಚುಕಟ್ಟಾಗಿರ್ಲಿ ಅಂತ."

"ಅದಕ್ಕೆ ನಾನೇನ್ ಮಾಡ್ಬೇಕು?"

"ಏನೂ ಮಾಡ್ಬೇಡ. ಇಲ್ಲೊಂದು ಸಹಿ ಹಾಕು, ಅಷ್ಟೇ."

"ಏನೂ ಮಾಡ್ದೆ ಇರೋದಾ? ಈಗೀಗ ಅದೊಂದೇ ನಂಗೆ ಚೆನ್ನಾಗಿ ಬರೋದು" ಅಂದು ಸಹಿ ಹಾಕಿದಳು. ಬೆಣ್ಣೆ ಮೆತ್ತಿದ ಬೆರಳಿನ ಗುರುತೂ ಬಿತ್ತು.

ಎಲ್ಲ ಬಿಡಿಸಿ ಹೇಳಲಿಲ್ಲ. ಹೇಗೆ ಹೇಳಲಿ ಹೇಳು. "ನೀನು ಸತ್ತರೆ ನಾಲ್ಕು ಲಕ್ಷ ಉಳಿಯುತ್ತದೆ" ಅಂತ ಕಾಯಿಲೆಯವಳ ಮುಂದೆ ಹೇಳುವಷ್ಟು ಕಟುಕ ನಾನಲ್ಲ. ನೀನು ನಗರದಲ್ಲಿ ಕೂತು ಉಪದೇಶ ಮಾಡುತ್ತೀಯ. ಅವಳು ವಾಂತಿ ಮಾಡಿದ ಬಕೆಟ್ ತೊಳೆಯುವವನು ನಾನು.

ಡೂನ್‌ವೆಟ್ ಇವತ್ತು ಹದಿಮೂರು ಲಕ್ಷ. ಅಮೆರಿಕದಲ್ಲಿ ಅವರ ಹೊಸ ಲಸಿಕೆಯ ಪರೀಕ್ಷೆ ನಡೆಯುತ್ತಿದೆಯಂತೆ. ಮಾರು ಮಾರು ಅಂದವನೇ, ಈಗೇನು ಅನ್ನುತ್ತೀಯ?

ಮಲಾಕಿ


ಕಾಹಿರ್
ಜೂನ್ 12, 2023

ಪ್ರಿಯ ಫಿಂಟನ್,

ನನ್ನಿಂದ ಕಾಗದ ಬಂತೆಂದು ಗಾಬರಿಯಾಗಬೇಡ, ಇನ್ನೂ ಬದುಕಿದ್ದೇನೆ. ಕಾಗದದಲ್ಲಿ ಕೇಳಿದರೆ ನೀನು ಸುಳ್ಳು ಹೇಳುವುದಿಲ್ಲ ಅಂತ ಮಲಾಕಿ ಯಾವಾಗಲೂ ಗೊಣಗುತ್ತಿರುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಡೂನ್‌ವೆಟ್ ಕಂಪನಿಯ ಅಧ್ಯಕ್ಷರಿಂದ ನನಗೊಂದು ಪತ್ರ ಬಂತು. 'ಪ್ರಿಯ ಶೇರುದಾರರೇ, ವಾರ್ಷಿಕ ಸಭೆಗೆ ಬನ್ನಿ, ಸಭೆಯ ನಂತರ ಚಹಾ ಇರುತ್ತದೆ' ಅಂತ. ಲಕೋಟೆಯ ಮೇಲೆ 'ಶ್ರೀಮತಿ ಡಿಂಪ್ನಾ ಟಿಯರ್ನಿ' ಅಂತ ನನ್ನ ಹೆಸರೇ ಇತ್ತು. ಮದುವೆಯಾದಂದಿನಿಂದ ಈ ಮನೆಯ ಫೋನ್ ಎತ್ತಿದವಳು ನಾನು. ಯಾರ ಹಸು ಎಲ್ಲಿ ಒದ್ದಾಡುತ್ತಿದೆ ಅಂತ ಬರೆದಿಟ್ಟು, ಗಂಡನನ್ನು ಊಟದ ಮೇಜಿನಿಂದ ಎಬ್ಬಿಸಿ ಕಳಿಸಿ, ಹಣ ಕೊಡದವರನ್ನು ಚರ್ಚಿನ ಬಾಗಿಲಲ್ಲಿ ಹಿಡಿದು ಕೇಳಿದವಳೂ ನಾನೇ. ಆದರೂ ಊರಿನವರಿಗೆ ನಾನು 'ಡಾಕ್ಟರ ಹೆಂಡತಿ' ಅಷ್ಟೇ. ನನ್ನ ಹೆಸರಿನಲ್ಲಿ ಗ್ರಂಥಾಲಯದ ಕಾರ್ಡು ಬಿಟ್ಟರೆ ಬೇರೇನೂ ಇರಲಿಲ್ಲ. ಓದಿ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಖುಷಿ ಇಳಿದ ಮೇಲೆ ಯೋಚನೆ ಬಂತು. ಸಾಯಲು ಹೊರಟವಳಿಗೆ ಹನ್ನೆರಡು ಲಕ್ಷದ ಶೇರು ಯಾಕೆ? ಮಲಾಕಿಯನ್ನು ಕೇಳಿದರೆ 'ಅಚ್ಚುಕಟ್ಟು' ಅನ್ನುತ್ತಾನೆ. ಆ ಮನುಷ್ಯ ಜನ್ಮದಲ್ಲಿ ಎರಡು ಕಾಲುಚೀಲ ಜೋಡಿಸಿ ಇಟ್ಟವನಲ್ಲ.

ಸಿಹಿ ಮೆತ್ತದೆ ಬರೆದು ಕಳಿಸು. ಸಿಹಿ ಈಗ ನನಗೆ ಒಗ್ಗುವುದಿಲ್ಲ.

ಡಿಂಪ್ನಾ


ಡಬ್ಲಿನ್
ಜೂನ್ 19, 2023

ಪ್ರಿಯ ಡಿಂಪ್ನಾ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಮಲಾಕಿ ಬದುಕಿರುವಾಗ ಆ ಶೇರು ಮಾರಿದರೆ ಲಾಭದ ಮೂರನೇ ಒಂದು ಪಾಲು ತೆರಿಗೆ. ನೀನು ಮಾರಿದರೂ ಅಷ್ಟೇ. ನಿನ್ನ ಹೆಸರಿನಲ್ಲಿರುವಾಗ ನೀನು ತೀರಿಕೊಂಡರೆ ಆ ತೆರಿಗೆ ಇಲ್ಲವಾಗುತ್ತದೆ, ಶೇರು ಅವನಿಗೆ ವಾಪಸ್ಸು ಹೋಗುತ್ತದೆ. ಅದಕ್ಕಾಗಿ ನಿನ್ನ ಹೆಸರಿಗೆ ಮಾಡಿದ್ದು. ಉಪಾಯ ಅವನದು. ಅವನ ತಲೆಗೆ ಅದನ್ನು ಹಾಕಿದ್ದು ನಾನು, ಎಂದೋ ತಮಾಷೆಗೆ. ನಿನಗೆ ಹೇಳಿ ಮಾಡು ಅಂದಿದ್ದೆ. ಹೇಳಿಲ್ಲವೆಂದು ನಿನ್ನ ಕಾಗದದಿಂದ ತಿಳಿಯಿತು.

ಇನ್ನೊಂದು ವಿಷಯ. ಈ ಶೇರಿನ ಮಟ್ಟಿಗೆ ಈಗ ನನ್ನ ಕಕ್ಷಿದಾರಳು ನೀನು, ಅವನಲ್ಲ. ಏನು ಮಾಡಬೇಕೆಂದು ಹೇಳುವ ಹಕ್ಕು ನಿನ್ನದು.

ನಾಚಿಕೆಯಿಂದ,
ಫಿಂಟನ್


ಕಾಹಿರ್
ಸೆಪ್ಟೆಂಬರ್ 4, 2023

ಫಿಂಟನ್,

ಬೇಸಿಗೆಯೆಲ್ಲ ನಿನ್ನಿಂದ ಒಂದು ಸಾಲಿಲ್ಲ. ಇಲ್ಲಿ ಎಲ್ಲ ತಲೆಕೆಳಗಾಗಿದೆ.

ಜುಲೈಯಲ್ಲಿ ಡಿಂಪ್ನಾ ತೀರ ಇಳಿದಿದ್ದಳು. ಪಾದ್ರಿ ಬಂದು ಸಾಯುವವರಿಗೆ ಮಾಡುವ ಹಾಗೆ ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿ ಹೋದರು. ಮಾರನೆಯ ಬೆಳಗ್ಗೆ ಎದ್ದು ಕೂತು ಹುರಿದ ಬೇಕನ್ ಕೇಳಿದಳು! ಹೊಸ ಔಷಧಿ ಹಿಡಿದಿದೆಯಂತೆ. ಈಗ ಬ್ರೆಡ್ಡನ್ನೂ ತಾನೇ ಬೇಯಿಸುತ್ತಾಳೆ. ಕಳೆದ ವಾರ ಟ್ರಾಮೋರ್‌ನ ಕಡಲಿಗೆ ಕರೆದುಕೊಂಡು ಹೋಗು ಅಂದಳು, ಹೋದೆವು. ಗಾಳಿಯಲ್ಲಿ ನಿಂತು ಚಿಪ್ಸ್ ತಿಂದಳು, ವಿನಿಗರ್ ಕಮ್ಮಿಯಾಯಿತು ಅಂತ ಅಂಗಡಿಯವನ ಜತೆ ಜಗಳವನ್ನೂ ಆಡಿದಳು. ನನಗೆ ಸಂತೋಷವಿಲ್ಲ ಅಂತ ಅಲ್ಲ. ಇದೆ. ಆದರೆ ಒಂದು ಲೆಕ್ಕ ಹಾಕಿಕೊಂಡು ಹೊರಟ ಮೇಲೆ, ಆ ಡಾಕ್ಟರಮ್ಮನ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಒಂದು ಬೆಲೆ ಬೇಡವೇ?

ಅತ್ತ ಡೂನ್‌ವೆಟ್ ಜಾರುತ್ತಿದೆ. ಅಮೆರಿಕದ ಪರೀಕ್ಷೆಯಲ್ಲಿ ಏನೋ ಎಡವಟ್ಟಾಗಿದೆ ಅಂತ ಗುಸುಗುಸು. ಒಂದು ದಿನ ಮೇಲೆ, ಎರಡು ದಿನ ಕೆಳಗೆ. ಇವತ್ತು ಹತ್ತು ಲಕ್ಷ. ಏಪ್ರಿಲಿನಲ್ಲಿ ತೆರಿಗೆ ಕಟ್ಟಿಯೇ ಮಾರಿದ್ದರೂ ಕೈಗೆ ಹತ್ತಿರ ಹತ್ತಿರ ಒಂಬತ್ತು ಲಕ್ಷ ಬರುತ್ತಿತ್ತು. ಅಂದರೆ ಒಂಬತ್ತಕ್ಕಿಂತ ಮೇಲಿರುವ ತನಕ ಕಾದದ್ದು ಸಾರ್ಥಕ. ಅದಕ್ಕಿಂತ ಕೆಳಗಿಳಿದರೆ ಕಾದದ್ದೆಲ್ಲ ದಂಡ. ಈಗ ಮಾರೋಣವೆಂದರೆ ಇದ್ದದ್ದರಲ್ಲಿ ಮೂರನೇ ಒಂದು ಪಾಲು ಸರ್ಕಾರದ ಬಾಯಿಗೆ. ಮಾರದಿದ್ದರೆ ದಿನಾ ಇಷ್ಟಿಷ್ಟೇ ಕರಗುತ್ತಿದೆ. ಅತ್ತ ದರಿ ಇತ್ತ ಪುಲಿ ಆಗಿದೆ ನನ್ನ ಬಾಳು. ಎಷ್ಟು ದಿನ ಅಂತ ಯಾರಾದರೂ ಸರಿಯಾಗಿ ಹೇಳಿದರೆ ಸಾಕಿತ್ತು.

ಏನಾದರೂ ಉಪಾಯ ಹೇಳು.

ಮಲಾಕಿ


ಡಬ್ಲಿನ್
ಸೆಪ್ಟೆಂಬರ್ 11, 2023

ಮಲಾಕಿ,

ನಿನ್ನ ಕಾಗದವನ್ನು ವಾಪಸ್ಸು ಇದರಲ್ಲೇ ಇಟ್ಟು ಕಳಿಸುತ್ತಿದ್ದೇನೆ. ಒಂದು ಸಲ ಗಟ್ಟಿಯಾಗಿ ಓದಿಕೋ. ಡಿಂಪ್ನಾ ಮನೆಯಲ್ಲಿ ಇಲ್ಲದಾಗ ಓದು.

ಉಪಾಯ ಬೇಕಿದ್ದರೆ ಶೇರಿನ ಒಡತಿಯನ್ನು ಕೇಳು.

ಫಿಂಟನ್


ಕಾಹಿರ್
ಅಕ್ಟೋಬರ್ 6, 2023

ಪ್ರಿಯ ಫಿಂಟನ್,

ಡೂನ್‌ವೆಟ್ ಪೂರ್ತಿ ಮಾರಿಬಿಡು. ಬ್ರೋಕರಿಗೆ ಬೇಕಾದ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಇದರ ಜತೆ ಇಟ್ಟಿದ್ದೇನೆ. ಇವತ್ತಿನ ಬೆಲೆ ಒಂಬತ್ತು ಲಕ್ಷ ಅಂತ ಗೊತ್ತು. ತೆರಿಗೆ ಎಷ್ಟಾಗುತ್ತದೆ ಅಂತಲೂ ಗೊತ್ತು.

ಕಾರಣ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಬೇರೆ ಯಾರಿಗೆ ಹೇಳಲಿ.

ನಿನ್ನ ಜೂನಿನ ಕಾಗದ ಓದಿದಾಗ ಅಷ್ಟೇನೂ ನೋವಾಗಲಿಲ್ಲ. ನನ್ನ ಗಂಡ ಜಿಪುಣ ಅನ್ನುವುದು ಹೊಸ ಸುದ್ದಿಯೇ? ಹನಿಮೂನಿಗೆ ಹೋದಾಗ ಹೋಟೆಲಿನ ಸೋಪು ಚೀಲಕ್ಕೆ ಹಾಕಿಕೊಂಡವನು. ಹೇಗೂ ಸಾಯುತ್ತೇನೆ, ಅವನಿಗೆ ನಾಲ್ಕು ಕಾಸು ಉಳಿದರೆ ಉಳಿಯಲಿ ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಸುಮ್ಮನಿದ್ದೆ.

ನಾನು ಚೇತರಿಸಿಕೊಂಡೆ ನೋಡು, ಅಲ್ಲಿಂದ ಶುರುವಾಯಿತು. ಬೆಳಗ್ಗೆ ಅವನು ಮೊದಲು ಬೆಲೆ ನೋಡುತ್ತಾನೆ, ಆಮೇಲೆ ನನ್ನ ಕೋಣೆಗೆ ಬರುತ್ತಾನೆ. ಬೆಲೆ ಏರಿದ ದಿನ ಒಳ್ಳೆಯ ಗಂಡ. ದಿಂಬು ಸರಿ ಮಾಡುತ್ತಾನೆ, ಗಂಜಿಗೆ ಕೆನೆ ಹಾಕುತ್ತಾನೆ, 'ಅವಸರ ಮಾಡ್ಬೇಡ, ನಿಧಾನಕ್ಕೆ ತಿನ್ನು' ಅನ್ನುತ್ತಾನೆ. ಇಳಿದ ದಿನ ಬಾಗಿಲಲ್ಲೇ ನಿಂತು ನನ್ನ ಮುಖ ನೋಡುತ್ತಾನೆ. ಆ ನೋಟ ನನಗೆ ಗೊತ್ತು ಫಿಂಟನ್. ದನದ ಕೊಟ್ಟಿಗೆಯಲ್ಲಿ ಕಾಯಿಲೆ ದನದ ಮುಂದೆ ನಿಂತು ಹಾಗೇ ನೋಡುತ್ತಿದ್ದ. ದನದ ಒಡೆಯನಿಗೆ ಉತ್ತರ ಹೇಳುವ ಮುಂಚಿನ ನೋಟ ಅದು.

ಮೊನ್ನೆ ಮಂಗಳವಾರ ಕಾರ್ಕ್‌ಗೆ ಹೋಗಿದ್ದೆವು. ಗಡ್ಡೆ ಅರ್ಧಕ್ಕೆ ಇಳಿದಿದೆ ಅಂದಳು ಡಾಕ್ಟರು. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು, ನನ್ನ ಕೈ ಹಿಡಿದುಕೊಂಡಳು. ಕಾರಿನಲ್ಲಿ ಕೂತೆವು. ದಾರಿಯಲ್ಲಿ ಮಿಚೆಲ್ಸ್‌ಟೌನ್ ದಾಟುವ ತನಕ ಮಲಾಕಿ ಸ್ಟಿಯರಿಂಗ್ ಮೇಲೆ ಬೆರಳು ಮಡಿಸಿ ಏನೋ ಎಣಿಸುತ್ತಿದ್ದ.

ಆಮೇಲೆ ಕೇಳಿದ: "ಹಾಗಾದ್ರೆ ಎಷ್ಟು ದಿನ ಅಂತೆ?"

"ಎಷ್ಟು ದಿನ ಇದ್ರೆ ನಿಂಗೆ ಅನುಕೂಲ?" ಅಂದೆ.

"ಏನ್ ಮಾತು ಅಂತ ಆಡ್ತೀಯೇ!" ಅಂದ. ಕಿವಿ ಕೆಂಪಗಾಯಿತು. ಆದರೆ ಇಲ್ಲ ಅನ್ನಲಿಲ್ಲ. ಮನೆಗೆ ಬಂದವನು ಕೋಟು ಕೂಡ ತೆಗೆಯದೆ ಬೆಲೆ ನೋಡಲು ಹೋದ.

ಅವನು ಕೆಟ್ಟವನಲ್ಲ. ಆ ಶೇರು ಇರುವ ತನಕ ಅವನು ನಾನು ಬದುಕಬೇಕೆಂದು ಬಯಸಲಾರ, ಅಷ್ಟೇ. ಅದೊಂದು ತೊಲಗಿದರೆ ಬಯಸಬಹುದು. ನಾನೇನು ವರ್ಷಗಟ್ಟಲೆ ಇರುವುದಿಲ್ಲ, ಡಾಕ್ಟರು ಅದನ್ನೂ ಹೇಳಿದ್ದಾಳೆ. ಇರುವಷ್ಟು ದಿನ ನನ್ನ ಸಾವಿನಿಂದ ಏನೂ ಸಿಗದ ಗಂಡನೊಬ್ಬ ನನ್ನ ಪಕ್ಕ ಕೂತಿರಲಿ ಅಂತ ಆಸೆ. ಅದಕ್ಕೆ ಎರಡು ಲಕ್ಷ ಎಂಬತ್ತು ಸಾವಿರ ಆಗುತ್ತದಂತೆ. ಆಗಲಿ.

ಎರಡು ವರ್ಷಕ್ಕೆ ಹಂಚಿ ಮಾರು, ಅವನ ಹಾಳು ಬ್ಯಾಂಕಿನ ನಷ್ಟ ಕಳೆ ಅಂತ ನನಗೆ ಉಳಿತಾಯದ ಪಾಠ ಹೇಳಬೇಡ. ನನಗೆ ಎರಡು ವರ್ಷ ಇಲ್ಲ, ಆ ಬ್ಯಾಂಕು ಅವನ ಹತ್ತಿರವೇ ಇರಲಿ. ಗಡುವು ಡಿಸೆಂಬರಿನ ತನಕ ಇದ್ದರೂ ಕಾಯಬೇಡ, ತೆರಿಗೆಯನ್ನು ಈಗಲೇ ಕಟ್ಟು. ಮಿಕ್ಕ ಹಣವನ್ನು ನೀನು ಇಪ್ಪತ್ತು ವರ್ಷದಿಂದ ಬಡಕೊಳ್ಳುತ್ತಿದ್ದೆಯಲ್ಲ, ಹಾಗೆ ಹಂಚು. ಅರ್ಧ ಸರ್ಕಾರಿ ಬಾಂಡು, ಸ್ವಲ್ಪ ಠೇವಣಿ, ಉಳಿದದ್ದು ಜಗತ್ತಿನ ಎಲ್ಲ ಕಂಪನಿಗಳಲ್ಲೂ ಚೂರು ಚೂರು. ನೋಡಿದರೆ ನಿದ್ದೆ ಬರುವಂಥದ್ದು ಇರಲಿ. ಉಯಿಲು ಬದಲಾಯಿಸುವುದಿಲ್ಲ, ಎಲ್ಲ ಅವನಿಗೇ.

ಅವನಿಗೆ ನಾನೇ ಹೇಳುತ್ತೇನೆ.

ಡಿಂಪ್ನಾ


ಕಾಹಿರ್
ಅಕ್ಟೋಬರ್ 27, 2023

ಗೀರಿ,

ನಿನ್ನನ್ನು ಇನ್ನು ಗೆಳೆಯ ಅಂತ ಕರೆಯುವುದಿಲ್ಲ. ನನ್ನ ಹಣ ತಿಂದು, ನನ್ನ ಮನೆಯ ಊಟ ಉಂಡು, ನನ್ನ ಹೆಂಡತಿಯ ಜತೆ ಸೇರಿಕೊಂಡು ಬೆನ್ನಿಗೆ ಚೂರಿ ಹಾಕಿದ್ದೀಯ. ಒಂದು ಮಾತು, ಒಂದೇ ಒಂದು ಮಾತು ನನಗೆ ತಿಳಿಸಬಾರದಿತ್ತೇ?

ನಿನ್ನೆ ಊಟಕ್ಕೆ ಕೂತಿದ್ದೆವು. ಕುರಿ ಮಾಂಸ, ಆಲೂಗೆಡ್ಡೆ. ಒಳ್ಳೆಯ ತಟ್ಟೆಗಳನ್ನು ತೆಗೆದಿದ್ದಳು, ಮೇಣದಬತ್ತಿ ಬೇರೆ ಹಚ್ಚಿಟ್ಟಿದ್ದಳು.

"ಡೂನ್‌ವೆಟ್ ಮಾರ್ದೆ" ಅಂದಳು, ಉಪ್ಪು ಕೊಡು ಅನ್ನುವ ಹಾಗೆ.

ತಮಾಷೆ ಅಂದುಕೊಂಡೆ. "ಎಷ್ಟು?" ಅಂದೆ.

"ಎಲ್ಲಾನೂ. ತೆರಿಗೆ ಕಟ್ಟಿ ಆಯ್ತು. ಆರು ಲಕ್ಷದ ಮೇಲೆ ಮಿಕ್ಕಿದೆ."

"ನನ್ನ ಶೇರನ್ನ..."

"ನನ್ನ ಶೇರು" ಅಂದಳು. "ಕಂಪನಿ ಅಧ್ಯಕ್ಷರಿಗೇ ಗೊತ್ತಿದೆ, ನಿಂಗೊಬ್ಬಂಗೇ ಗೊತ್ತಿಲ್ಲ."

ನಾನು ಕೂಗಾಡಿದೆ, ಹೌದು. ನಲವತ್ತು ವರ್ಷದ ಬೆವರನ್ನು ಒಂದು ಸಹಿಯಲ್ಲಿ ಚರಂಡಿಗೆ ಸುರಿದೆಯಲ್ಲೇ ಅಂದೆ. ತಲೆ ಕೆಟ್ಟಿದೆ ನಿನಗೆ, ಔಷಧಿ ತಲೆಗೆ ಹತ್ತಿದೆ ಅಂದೆ. ಸ್ವಲ್ಪ ದಿನ ಸುಮ್ಮನಿರಲು ಏನಾಗಿತ್ತು ಅಂದೆ.

ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಪಕ್ಕದ ಕುರ್ಚಿಯನ್ನು ಹಿಂದಕ್ಕೆ ಎಳೆದಳು.

"ಈಗ ನಾನು ನಾಳೆ ಸತ್ರೂ ಒಂದೇ, ಬರೋ ವರ್ಷ ಸತ್ರೂ ಒಂದೇ. ನಿಂಗೆ ಒಂದ್ ಸೆಂಟೂ ಲಾಭ ಇಲ್ಲ ಮಲಾಕಿ. ಬಾ ಇಲ್ಲಿ, ಕೂತ್ಕೋ."

ಎಂಥ ಕೊಬ್ಬು ನೋಡು! ಮೂರು ಲಕ್ಷ ಸುಟ್ಟು ಬೂದಿ ಮಾಡಿ, ಪಕ್ಕದಲ್ಲಿ ಬಂದು ಕೂರು ಅನ್ನುತ್ತಾಳೆ. ತಟ್ಟೆ ಅಲ್ಲೇ ಬಿಟ್ಟು ಎದ್ದು ಬಂದೆ. ಈಗ ಅಂಗಳದ ಆಚೆ ನನ್ನ ಹಳೆಯ ದವಾಖಾನೆಯ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲೊಂದು ಮಂಚವಿದೆ, ಒಲೆಯಿದೆ. ಅವಳಿಗೆ ತಾನು ಏನು ಮಾಡಿದೆ ಅಂತ ಅರ್ಥವಾಗುವ ತನಕ ಇಲ್ಲೇ ಇರುತ್ತೇನೆ.

ನಿನ್ನ ಕಾಗದ ಬಂದರೆ ಒಡೆಯದೆ ಒಲೆಗೆ ಹಾಕುತ್ತೇನೆ.

ಎಂ. ಟಿಯರ್ನಿ


ಡಬ್ಲಿನ್
ನವೆಂಬರ್ 2, 2023

ಮಲಾಕಿ,

ಒಲೆಗೆ ಹಾಕುವ ಮುಂಚೆ ಒಂದು ಸಾಲು ಓದು. ಸಿಟ್ಟು ನನ್ನ ಮೇಲೆ ಇರಲಿ, ಎಷ್ಟು ಕಾಲ ಬೇಕಾದರೂ ಇರಲಿ. ನೀನು ಮನೆಯೊಳಗೆ ಹೋಗು.

ಫಿಂಟನ್


ಕಾಹಿರ್
ಡಿಸೆಂಬರ್ 18, 2023

ಫಿಂಟನ್,

ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ನೀನು ಸಾಲಿನಲ್ಲಿ ನಿಂತು ಬಂದು "ದುಃಖ ಆಯ್ತು ಮಲಾಕಿ" ಅಂದೆ. ಕೈ ಚಾಚಿದೆ. ಊರಿನವರೆಲ್ಲರ ಕೈ ಹಿಡಿದೆ ನಾನು, ನಿನ್ನದು ಹಿಡಿಯಲಿಲ್ಲ. ಅದು ಸಿಟ್ಟಿನಿಂದ ಅಂತ ನೀನು ತಿಳಿದಿರುತ್ತೀಯ. ನಿನ್ನ ಮುಖ ನೋಡಲು ಆಗಲಿಲ್ಲ, ಅದಕ್ಕೆ.

ನಿನ್ನ ನವೆಂಬರಿನ ಕಾಗದವನ್ನು ಒಡೆಯದೆ ಒಲೆಗೆ ಹಾಕಿದ್ದೆ. ಅದರಲ್ಲಿ ಏನಿತ್ತು ಅಂತ ಕೇಳುವುದಿಲ್ಲ.

ವ್ಯವಹಾರದ ಮಾತು ಮುಗಿಸಿಬಿಡುತ್ತೇನೆ. ಅಮೆರಿಕದವರು ಡೂನ್‌ವೆಟ್‌ನ ಲಸಿಕೆಯನ್ನು ತಿರಸ್ಕರಿಸಿದರು, ಪತ್ರಿಕೆಯಲ್ಲಿ ಓದಿರುತ್ತೀಯ. ಅವಳು ಮಾರದೆ ಇಟ್ಟಿದ್ದರೆ ಆ ಶೇರಿಗೆ ಇವತ್ತು ಐದೂವರೆ ಲಕ್ಷ. ತೆರಿಗೆ ಇಲ್ಲ, ಸರಿ, ಪೂರ್ತಿ ನನ್ನ ಕೈಗೆ. ಅವಳು ತೆರಿಗೆ ಕಟ್ಟಿ ಬಿಟ್ಟುಹೋದದ್ದು ಆರು ಲಕ್ಷಕ್ಕೂ ಮೇಲೆ, ನೀನು ಹಂಚಿದ ಹಾಗೆಯೇ ಅಲುಗಾಡದೆ ಕೂತಿದೆ. ನನ್ನದೇ ಲೆಕ್ಕದಲ್ಲಿ ಅವಳು ನನ್ನನ್ನು ಸೋಲಿಸಿದಳು. ಸಿಟ್ಟು ಹಿಡಿದುಕೊಂಡು ಕೂರಲು ನನಗೆ ಆ ನೆಪವೂ ಉಳಿಯಲಿಲ್ಲ.

ಇನ್ನೊಂದನ್ನು ಯಾರಿಗೂ ಹೇಳಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಬರೆಯುತ್ತಿದ್ದೇನೆ.

ಆ ರಾತ್ರಿ ಎದ್ದು ಬಂದವನು ದವಾಖಾನೆಯ ಕೋಣೆಯಲ್ಲೇ ಉಳಿದೆ. ಊಟ ಅಲ್ಲೇ, ನಿದ್ದೆ ಅಲ್ಲೇ. ಸೌದೆ ಒಡೆದು ಅವಳ ಬಾಗಿಲ ಹತ್ತಿರ ಇಡುತ್ತಿದ್ದೆ, ಹಾಲು ಇಡುತ್ತಿದ್ದೆ, ಒಳಗೆ ಹೋಗುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಅವಳು ಕೈ ಬೀಸಿದರೆ ಕಾಣದವನ ಹಾಗೆ ಹೋಗುತ್ತಿದ್ದೆ. ನವೆಂಬರಿನಲ್ಲಿ ಕಾಯಿಲೆ ತಿರುಗಿ ಬಂತು, ದಿನವೂ ನರ್ಸು ಬರತೊಡಗಿದಳು. ಒಂದು ಸಂಜೆ ಆ ನರ್ಸು ಅಂಗಳದಲ್ಲಿ ನಿಂತು ಕೂಗಿದಳು: "ಟಿಯರ್ನಿಯವ್ರೇ, ನಿಮ್ಮನ್ನ ಕೇಳ್ತಿದಾರೆ."

"ಬರ್ತೀನಿ ಅನ್ನಿ" ಅಂದೆ.

ಮರುದಿನವೂ ಕೇಳಿದಳು. ಮರುದಿನವೂ ಹಾಗೇ ಅಂದೆ.

ಹೋಗಬಾರದು ಅಂತ ಇರಲಿಲ್ಲ ಫಿಂಟನ್. ಇನ್ನೂ ಸ್ವಲ್ಪ ದಿನ ಸತಾಯಿಸೋಣ, ಅವಳಿಗೂ ಉರಿಯಲಿ, ಕ್ರಿಸ್ಮಸ್ಸಿಗೆ ಹೋಗಿ ಮಾತಾಡಿಸಿದರಾಯಿತು ಅಂದುಕೊಂಡಿದ್ದೆ. ಜೂನ್ ದಾಟುವುದಿಲ್ಲ ಅಂದವನು ನಾನು, ದಾಟಿದಳು. ಕ್ರಿಸ್ಮಸ್ ತನಕ ಇರುತ್ತಾಳೆ ಅಂದವನೂ ನಾನೇ. ಗುರುವಾರ ಬೆಳಗ್ಗೆ ಹಾಲು ಇಡಲು ಹೋದಾಗ ನರ್ಸು ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ನೋಡಿ ಹಾಲಿನ ಪಾತ್ರೆಯನ್ನು ಕೈಯಿಂದ ತೆಗೆದುಕೊಂಡಳು.

ಆ ದಿನಗಳಲ್ಲಿ ಅವಳು ಸತ್ತರೆ ನನಗೆ ಏನೂ ಲಾಭವಿರಲಿಲ್ಲ. ಅವಳು ಬದುಕಲಿ ಅಂತ ನಾನು ಬಯಸುತ್ತಿದ್ದೆ, ದೇವರಾಣೆಗೂ ಬಯಸುತ್ತಿದ್ದೆ, ಆ ಹಾಳು ಕೋಣೆಯಲ್ಲಿ ಕೂತುಕೊಂಡು. ಅವಳಿಗೆ ಅದು ಗೊತ್ತಾಗಲೇ ಇಲ್ಲ. ಅಂಗಳ ದಾಟಿ ಹೋಗಿ ಹೇಳಲಿಲ್ಲ ನಾನು.

ಮಲಾಕಿ